ಇಳಿಜಾರಿನ ಮಣೆ

ಮೊದಲು ಈ ನೆಲಕ್ಕೆ ನಮಸ್ಕಾರ. ಬೆಳಗ್ಗೆ ಹಾಸಿಗೆಯಿಂದ ಇಳಿಯುವ ಮುನ್ನ ಭೂಮಿಯನ್ನು ಕೈಯಿಂದ ಮುಟ್ಟಿ, ‘ತಾಯಿ, ನಿನ್ನ ಮೈಮೇಲೆ ಕಾಲಿಡುತ್ತಿದ್ದೇನೆ, ಕ್ಷಮಿಸು’ ಎಂದು ಕೇಳಿಕೊಳ್ಳುವುದನ್ನು ನನ್ನ ತಂದೆಯವರು ನನಗೆ ಮಾತು ಬರುವ ಹೊತ್ತಿಗೇ ಕಲಿಸಿದ್ದರು. ಅಂದಿನಿಂದ ಅದನ್ನು ತಪ್ಪಿಸಿದವನಲ್ಲ. ಆದರೂ ಆ ಮಾತಿನ ತೂಕ ನನಗೆ ತಿಳಿದದ್ದು ಕಾಲಿಡಲಾಗದೆ ಹೋದ ಒಂದು ಮಳೆಗಾಲದಲ್ಲಿ. ನನ್ನನ್ನು ಹೊತ್ತ ಈ ಭೂಮಿಗೆ, ಹರಿದದ್ದನ್ನು ಮೆಲ್ಲಗೆ ಕೂಡಿಸಿದ ಕಾಲಪುರುಷನಿಗೆ, ಆ ಕೆಲಸದಲ್ಲಿ ಅವನಿಗೆ ಕೈಯಾದ ಇಬ್ಬರು ಮನುಷ್ಯರಿಗೆ, ಎಲ್ಲವನ್ನೂ ನೋಡುತ್ತ ನಿಂತಿದ್ದ ಮಾರುತಿಗೆ ಕೃತಜ್ಞತೆಯನ್ನು ಸಲ್ಲಿಸಿ ಮುಂದಿನ ಮಾತನ್ನು ಬರೆಯುತ್ತೇನೆ.

ಮೊನ್ನೆ ನಮ್ಮ ಗುಡಿಯ ಬಾಗಿಲಿಗೆ ಹೊಸ ಕದ ಮಾಡಲು ಬಡಗಿಯೊಬ್ಬನನ್ನು ಕರೆಸಿದ್ದರು. ಕನ್ನಡ ಬಾರದವನು, ಎತ್ತಲಿನವನೋ ನಾನು ವಿಚಾರಿಸಲಿಲ್ಲ. ಅಂಗಳದಲ್ಲಿ ತಗಡಿನ ಮರೆ ಕಟ್ಟಿಕೊಂಡು, ಹಲಸಿನ ಹಲಗೆಯ ಮೇಲೆ ಕೀಸುಳಿ ಆಡಿಸುತ್ತಿದ್ದ. ನಾನು ಒಳಗೆ ಗಂಧ ತೇಯುತ್ತಿದ್ದೆ. ಹೊಸದಾಗಿ ಕೀಸಿದ ಹಲಸಿನ ಮರದ ವಾಸನೆ, ಅರ್ಧ ಹಣ್ಣಿನದು, ಅರ್ಧ ಮಳೆ ಬಿದ್ದ ಮಣ್ಣಿನದು, ಗಂಧದ ಪರಿಮಳವನ್ನು ಸರಿಸಿಕೊಂಡು ಒಳಗೆ ಬಂದಿತು. ನನ್ನ ಕೈ ನಿಂತಿತು. ಎಡಗಾಲಿನ ಹಿಮ್ಮಡಿಯ ಮೇಲೆ, ಹಳೆಯ ಗಂಟಿರುವ ಕಡೆ, ಒಂದು ಎಳೆತ ಸುಳಿದುಹೋಯಿತು.

ಗೋವೆಯ ಸಾವರ್ಡೆಯಲ್ಲಿ ರೈಲು ಹಳಿಗಳ ಆಚೆ, ಜಂಬಿಟ್ಟಿಗೆಯ ದಿಬ್ಬದ ಮೇಲೆ ಈ ಗುಡಿ ಇದೆ. ಗಣಿಯ ಲಾರಿ, ಲೋಡಿಂಗು, ಕಟ್ಟಡದ ಕೆಲಸ ಎಂದು ವಿಜಯಪುರ, ಬಾಗಲಕೋಟೆಯ ಕಡೆಯಿಂದ ಬಂದ ಜನ ತಾವೇ ಕಲ್ಲು ಹೊತ್ತು ಕಟ್ಟಿಕೊಂಡದ್ದು. ನಾನು ಧಾರವಾಡದ ಪಾಠಶಾಲೆಯೊಂದರಲ್ಲಿ ವ್ಯಾಕರಣ, ಕಾವ್ಯಗಳನ್ನು ಕಲಿಸಿ ನಿವೃತ್ತನಾಗಿದ್ದೆ. ಧರ್ಮಪತ್ನಿ ತೀರಿಕೊಂಡ ವರ್ಷ, ಮಕ್ಕಳಿಲ್ಲದ ಮನೆಯಲ್ಲಿ ದೀಪ ಹಚ್ಚಿ ಯಾರಿಗೆ ತೋರಿಸಲಿ ಎಂದು ಕುಳಿತಿದ್ದಾಗ, ಈ ಜನ ಬಂದು, “ನಮ್ಮ ಮಾರುತಿಗೆ ಮಂತ್ರ ಹೇಳವ್ರು ಇಲ್ರಿ, ನೀವು ಬರ್ರಿ” ಎಂದು ಕರೆದರು. ಬಂದೆ. ಗುಡಿಯ ಹಿಂದಿನ ಕೊಠಡಿಯೇ ಮನೆಯಾಯಿತು. ಬಂದ ದಿನ ಅವರ ಹಿರಿಯನೊಬ್ಬ ಎಲ್ಲರೆದುರು, “ನೀವು ನಿಂದ್ರೂತನಕ ಈ ದೇವ್ರ ಮೈಗೆ ನೀರು ನಿಮ್ಮ ಕೈಲೇನ” ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದ. ಮೊಣಕಾಲೆತ್ತರದ ಪೀಠ, ಅದರ ಮೇಲೆ ಎದೆಯುದ್ದದ ಮೂರ್ತಿ. ಕುಳಿತು ಪೂಜಿಸಿದರೆ ಕೈ ಅವನ ಮಂಡಿಗೆ ಮಾತ್ರ ಎಟಕುತ್ತದೆ. ಶನಿವಾರದ ಎಕ್ಕೆಯ ಹಾರವನ್ನು ಮುಡಿಗೆ ಏರಿಸಬೇಕಾದರೆ ನನ್ನಂಥ ಗಿಡ್ಡ ಮನುಷ್ಯ ತುದಿಗಾಲಲ್ಲಿಯೇ ನಿಲ್ಲಬೇಕು. ವರ್ಷಗಟ್ಟಲೆ ಹಾಗೆಯೇ ನಿಂತಿದ್ದೆ. ಬೆಳಗ್ಗೆ ಏಳುವಾಗ ಹಿಮ್ಮಡಿ ಮರದಂತಾಗುತ್ತಿದ್ದುದನ್ನು ವಯಸ್ಸಿನ ಲಕ್ಷಣವೆಂದುಕೊಂಡು ಗಮನಿಸದೆ ಬಿಟ್ಟಿದ್ದೆ.

ಕಾಲಿಡಲಾಗದೆ ಹೋದ ಆ ವರ್ಷ, ಮೃಗಶಿರಾ ಮಳೆ ಹಿಡಿದ ವಾರ ಅದು. ಇಲ್ಲಿಯ ನಮ್ಮವರಲ್ಲಿ ಬಹುಪಾಲು ಜನ ಮಳೆಗಾಲಕ್ಕೆ ಬಿತ್ತನೆಗೆಂದು ಊರಿಗೆ ಹೋಗುತ್ತಾರೆ. ಕಟ್ಟಡದ ಕೆಲಸವೂ ಆಗ ನಿಂತಿರುತ್ತದೆ. ಹಿಂದಿನ ದಿನ ಗಂಟುಮೂಟೆಗಳೊಡನೆ ಎಲ್ಲರೂ ಬಸ್ಸು ಹತ್ತಿದ್ದರು. ನಾನು ಮಡಿಯಲ್ಲಿ, ಬಾವಿಯಿಂದ ಅಭಿಷೇಕದ ನೀರು ತುಂಬಿಕೊಂಡು ಮೆಟ್ಟಿಲು ಏರುತ್ತಿದ್ದೆ. ಪಾಚಿಯ ಮೇಲೆ ಎಡಗಾಲು ಕೊಂಚ ಜಾರಿತು. ಒತ್ತಿ ಮೇಲೆ ತಳ್ಳಿದೆ. ಹಿಂದಿನಿಂದ ಯಾರೋ ಕೋಲಿನಿಂದ ಹಿಮ್ಮಡಿಯ ಮೇಲೆ ಹೊಡೆದಂತಾಯಿತು. ಸದ್ದೂ ಕೇಳಿಸಿತು. ಯಾರು ಎಂದು ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಮೆಟ್ಟಿಲು, ಮಳೆ, ಉರುಳಿಹೋದ ತಾಮ್ರದ ಕೊಡ. ನೋವು ಆಮೇಲೆ ಬಂದಿತು. ಆ ಖಾಲಿ ಮೆಟ್ಟಿಲುಗಳನ್ನು ಕಂಡಾಗ ಎದೆಯಲ್ಲಿ ಆದದ್ದು ನೋವಿಗಿಂತ ಮೊದಲಿನದು. ಅದಕ್ಕೆ ಇಂದಿಗೂ ನನ್ನಲ್ಲಿ ಶಬ್ದವಿಲ್ಲ.

ಕೊಡ ಉರುಳಿದ ಸದ್ದಿಗೆ ಓಡಿಬಂದವನು ಕಾಳಪ್ಪ. ಬಾದಾಮಿಯ ಕಡೆಯ ಬಡಗಿ. ಸ್ಲ್ಯಾಬಿನ ಕೆಲಸಕ್ಕೆ ಹಲಗೆ ಹೊಂದಿಸುವವನು. ಊರಿನಲ್ಲಿ ಹೊಲವಿಲ್ಲದ್ದರಿಂದ ಬಿತ್ತನೆಗೆ ಹೋಗದೆ ಉಳಿದಿದ್ದ.

“ಅಜ್ಜಾರ, ಏನಾತ್ರಿ?”

“ಯಾರೋ ಹೊಡೆದರಪ್ಪ.”

ಅವನು ಸುತ್ತ ನೋಡಿ, “ಇಲ್ಲಿ ನಾಯಿನೂ ಇಲ್ಲಲ್ರಿ!” ಎಂದ. ಆಮೇಲೆ ನನ್ನನ್ನು ಬೆನ್ನ ಮೇಲೆ ಹೊತ್ತು ರಿಕ್ಷಾ ಹುಡುಕಿದ.

ಮಡಗಾಂವಿನ ವೈದ್ಯರು ನನ್ನನ್ನು ಬೋರಲು ಮಲಗಿಸಿ ಮೀನಖಂಡಗಳನ್ನು ಒಂದೊಂದಾಗಿ ಹಿಂಡಿದರು. ಬಲಗಾಲನ್ನು ಹಿಂಡಿದಾಗ ಪಾದ ಅಲುಗಿತು. ಎಡಗಾಲನ್ನು ಹಿಂಡಿದಾಗ ಪಾದ ಬೇರೆ ಯಾರದೋ ಎಂಬಂತೆ ಸುಮ್ಮನಿತ್ತು. ಮೀನಖಂಡವನ್ನು ಹಿಮ್ಮಡಿಯ ಮೂಳೆಗೆ ಕಟ್ಟುವ ದಪ್ಪ ಸ್ನಾಯುರಜ್ಜು ಹರಿದಿದೆ, ಕೋಲಿನ ಏಟೆನಿಸಿದ್ದು ಅದು ಹರಿದದ್ದೇ. ಪಾದ ಕೆಳಮುಖವಾದರೆ ತುದಿಗಳು ಹತ್ತಿರ ಬರುತ್ತವೆ. ಈ ವಯಸ್ಸಿನಲ್ಲಿ ಕೊಯ್ಯುವುದು ಬೇಡ, ತಾನೇ ಕೂಡಲಿ ಎಂದು ಪಾದವನ್ನು ಕೆಳಮುಖ ಮಾಡಿ ಪಟ್ಟಿ ಕಟ್ಟಿದರು.

ಆ ಬಳಿಕದ ವಾರಗಳ ವಿಷಯ ಬರೆಯಲು ಹೆಚ್ಚಿಲ್ಲ. ಅವುಗಳಲ್ಲಿ ಏನೂ ನಡೆಯಲಿಲ್ಲ. ಕೊಠಡಿಯ ಗೋಡೆಯ ಆಚೆಯೇ ಮಾರುತಿಯ ಬೆನ್ನು. ಬೆಳಗ್ಗೆ ಕಾಳಪ್ಪ ಮಿಂದು ಬಂದು, ಗರ್ಭಗುಡಿಯೊಳಗೆ ಹೋಗಲು ಅಂಜಿ, ಹೊಸ್ತಿಲಲ್ಲಿಯೇ ದೀಪವಿಟ್ಟು, ಒಂದು ತಂಬಿಗೆ ನೀರನ್ನು ಅಲ್ಲಿಂದಲೇ ಪೀಠದತ್ತ ಚೆಲ್ಲುತ್ತಿದ್ದ. ಆ ನೀರು ಕಲ್ಲಿಗೆ ಬಡಿಯುವ ಸದ್ದನ್ನು ಕೇಳಿಸಿಕೊಂಡು ನಾನು ಇತ್ತ ಹಾಸಿಗೆಯಲ್ಲಿ ಮಂತ್ರ ಹೇಳುತ್ತಿದ್ದೆ. ಅವನು ಕೆಲಸ ಹುಡುಕಿಕೊಂಡು ಹೋದ ಮೇಲೆ ಸಂಜೆಯವರೆಗೆ ಮಳೆ ಮತ್ತು ರೈಲು, ಬೇರೆ ದನಿಯಿಲ್ಲ. ಗಾಡಿ ಬರುವಾಗ ಗೋಡೆ ನಡುಗುತ್ತಿತ್ತು. ಹೋದ ಮೇಲೆ ಮೊದಲಿಗಿಂತ ಹೆಚ್ಚು ನಿಶ್ಶಬ್ದ. ನಾನು ಗೋಡೆಗೆ ಅಂಗೈಯಿಟ್ಟು ಮಲಗಲು ಕಲಿತೆ. ಇಷ್ಟು ವರ್ಷ ನಾನು ಜಗತ್ತಿನಲ್ಲಿ ದಿನವೂ ಮಾತಾಡಿದ್ದು ಗೋಡೆಯಾಚೆಯ ಆ ಒಬ್ಬನ ಜೊತೆ. ಅವನ ಎದುರು ನಿಲ್ಲುವುದು ಮತ್ತೆ ಆಗದಿದ್ದರೆ ಈ ಊರಿನಲ್ಲಿ, ಅಥವಾ ಯಾವ ಊರಿನಲ್ಲಾದರೂ, ನಾನು ಯಾರು? ಊರಿಗೆ ಹೋದವರು ದಸರಾಕ್ಕೆ ಮರಳುತ್ತಾರೆ. ಆಗ ಪೂಜಾರಿ ಮಂಚದ ಮೇಲಿದ್ದರೆ ಅವರು ದಯೆಯಿಂದಲೇ ಇನ್ನೊಬ್ಬರನ್ನು ಕರೆತರುತ್ತಾರೆ. ಆ ದಯೆಯನ್ನು ನೆನೆದು ಬೆವರುತ್ತಿದ್ದೆ.

ಪಟ್ಟಿ ಬಿಚ್ಚಿ, ಬೆಲ್ಟುಗಳಿರುವ ದೊಡ್ಡ ಬೂಟು ತೊಡಿಸಿ ಫಿಸಿಯೋಥೆರಪಿಗೆ ಕಳುಹಿಸಿದರು. ಅಲ್ಲಿದ್ದವಳು ರೇಣುಕಾ. ತಾಯಿತಂದೆ ಸಿಂದಗಿಯ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು. ಇವಳು ಹುಟ್ಟಿದ್ದು, ಓದಿದ್ದು ಎಲ್ಲ ಗೋವೆಯಲ್ಲಿ. ನನ್ನ ಪಂಚೆ, ನಾಮ ನೋಡಿ ಕನ್ನಡದಲ್ಲಿಯೇ ಶುರುಮಾಡಿದಳು.

“ಅಜ್ಜಾರ, ಕಾಲು ಹೆಂಗೈತಿ ಅಂತ ಆಮ್ಯಾಲೆ ನೋಡ್ತೀನಿ. ಮೊದಲ ನೀವು ಹೆಂಗದೀರಿ ಹೇಳ್ರಿ.”

ಆ ಪ್ರಶ್ನೆಯನ್ನು ಬಹಳ ದಿನಗಳಿಂದ ಯಾರೂ ಕೇಳಿರಲಿಲ್ಲ. ತಲೆ ತಗ್ಗಿಸಿ ಪಂಚೆಯ ಅಂಚನ್ನು ಸರಿಪಡಿಸಿಕೊಂಡೆ. ಅವಳು ನೋಡದವಳಂತೆ ಬೂಟು ಬಿಚ್ಚಿ, ನನ್ನ ಎಡಗಾಲನ್ನು ಬಲಗಾಲಿನ ಪಕ್ಕ ಇಟ್ಟಳು. ಎಡ ಮೀನಖಂಡ ಅರ್ಧಕ್ಕೆ ಇಳಿದಿತ್ತು.

“ಬಾವಿ ಹಗ್ಗ ನೋಡೀರಲ್ರಿ? ಹಂಗ ಇದು, ಎಳಿ ಎಳಿ ಹೊಸದ ಹುರಿ. ಹರದ ತುದಿ ಹತ್ರ ಇದ್ರ ಗಟ್ಟಿ ಕೂಡ್ತದ. ಈಗ ಎಳದ್ರ ಉದ್ದ ಕೂಡ್ತದ. ಉದ್ದಾದ ಹುರಿಗೆ ಮೈ ಎತ್ತೂ ಬಲ ಇರೂದಿಲ್ಲ. ಅದಕ್ಕ ಬೂಟಿನೊಳಗ ಹಿಮ್ಮಡದ ಕೆಳಗ ಈ ಬೆಣಿ ಇಟ್ಟಾರ. ಸಾವಕಾಶ ಒಂದೊಂದ ತಗೀತೀನಿ. ಅಲ್ಲೀತನಕ ಬರಿಗಾಲು ನೆಲಕ್ಕ ಹಚ್ಚೂ ಹಂಗಿಲ್ಲ.”

“ಗರ್ಭಗುಡಿಯಲ್ಲಿ?”

“ಎಲ್ಲೂ ಇಲ್ರಿ. ಮಾರುತಿಗೆ ಹೇಳ್ರಿ, ರೇಣುಕಾ ಬೈತಾಳ ಅಂತ.”

“ಅವನಿಗೆ ಹೇಳಬಹುದಮ್ಮ. ಬೂಟು ಹಾಕಿಕೊಂಡು ಅವನೆದುರು ನಿಲ್ಲೆಂದು ನನಗೆ ನಾನು ಹೇಳಿಕೊಳ್ಳಲಾರೆ.”

ಅವಳು ನಗಲಿಲ್ಲ. ಕಾಲುಬೆರಳುಗಳನ್ನು ಮಡಚಿ ಬಿಡಿಸುವುದನ್ನು, ಕುಳಿತೇ ಹಿಮ್ಮಡಿ ಎತ್ತುವುದನ್ನು ಕಲಿಸುತ್ತ ಇದ್ದಳು. ನನಗೆ ಆಗ ನಾವು ಜಪಕ್ಕೆ ಕೂರುವ ಮಣೆ ನೆನಪಾಯಿತು. ಮರದ ಮಣೆ ಗರ್ಭಗುಡಿಗೆ ನಿಷಿದ್ಧವಲ್ಲ. ಅದೇ ಮಣೆ ಹಿಂದೆ ಎತ್ತರ, ಮುಂದೆ ತಗ್ಗು ಇದ್ದರೆ? ಬರಿಗಾಲಿನಲ್ಲಿ ನಿಂತರೂ ಹಿಮ್ಮಡಿ ಮೇಲೆಯೇ ಇರುತ್ತದೆಯಲ್ಲ ಎಂದು ಕೇಳಿದೆ. ಅವಳು ತನ್ನ ಅಂಗೈಯನ್ನು ಓರೆ ಹಿಡಿದು, ಸ್ವಲ್ಪ ಹೊತ್ತು ಅದನ್ನೇ ನೋಡಿದಳು.

“ಅರೇ ದೇವಾ... ಆಗ್ತೈತ್ರಿ. ಆದ್ರ ಹೊಸ್ತಿಲತನಕ ಬೂಟು. ಹೊಸ್ತಿಲ ಮ್ಯಾಲೆ ಕುಂತು ತಗದು, ಸೀದಾ ಮಣಿ ಮ್ಯಾಲೆ. ಹಿಡ್ಕೊಳ್ಳಾಕ ಏನರ ಬೇಕು. ಮತ್ತ ನಾ ಬೆಣಿ ತಗದಾಗೆಲ್ಲ ಆ ಮಣಿನೂ ಅಷ್ಟ ತಗ್ಗಿಸಬೇಕು. ಇಲ್ಲಂದ್ರ ಹುರಿ ಬಿಗೀತದ.”

ಕಾಳಪ್ಪ ಆ ಸಂಜೆಯೇ ಹಲಸಿನ ತುಂಡೊಂದನ್ನು ತಂದ. ನಾನು ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದೆ. ತನ್ನ ಕೀಸುಳಿಯನ್ನು, ಅವನು ಅದಕ್ಕೆ ರಂದಾ ಎನ್ನುತ್ತಿದ್ದ, ಹಲಗೆಯ ಮೇಲೆ ಓಡಿಸಿದಂತೆಲ್ಲ ಹಳದಿ ಸುರುಳಿಗಳು ಎದ್ದು ಬಿದ್ದವು. ಗುಡಿಯೆಲ್ಲ ಆ ವಾಸನೆಯಿಂದ ತುಂಬಿತು. ನನ್ನ ಒತ್ತಾಯಕ್ಕೆ ಅಂಜುತ್ತಲೇ ಒಳಗೆ ಹೋಗಿ, ಪೀಠದ ಪಕ್ಕಕ್ಕೆ ಹಿಡಿಗಂಬವನ್ನೂ ನೆಟ್ಟ. ಮರುದಿನ ಹೊಸ್ತಿಲಲ್ಲಿ ಕುಳಿತು ಬೂಟು ಕಳಚಿ, ಕಂಬ ಹಿಡಿದು, ಆ ಇಳಿಜಾರಿನ ಮೇಲೆ ಪಾದಗಳನ್ನಿಟ್ಟು ಎದ್ದೆ. ಮಾರುತಿ ಇದ್ದಲ್ಲಿಯೇ ಇದ್ದ. ನಾನು ಅವನ ಭುಜದ ಮೇಲೆ ಕೈಯಿಟ್ಟು ನಿಂತೆ. ನೀರೆರೆದು, ಗಂಧವಿಟ್ಟು, ಹಾರವನ್ನೆತ್ತಿದರೆ, ಮಣೆಯ ಎತ್ತರದಿಂದಾಗಿ ಅದು ಕಷ್ಟವಿಲ್ಲದೆ ಮುಡಿಗೇರಿತು. ನಾನಿಳಿದ ಮೇಲೆ ಕಾಳಪ್ಪ ಮಣೆಗೆ ಅರಿಶಿನ ಕುಂಕುಮ ಹಚ್ಚಿ, ಹಣೆ ಮುಟ್ಟಿಸಿ ನಮಸ್ಕರಿಸಿದ.

ಮುಂದಿನ ಭೇಟಿಯಲ್ಲಿ ರೇಣುಕಾ ಬೂಟಿನ ಬೆಣೆಯೊಂದನ್ನು ತೆಗೆದಳು. ಮಣೆಯನ್ನು ಬೆರಳಗಲ ತಗ್ಗಿಸಬೇಕೆಂದು ಕಾಳಪ್ಪನಿಗೆ ಹೇಳಿದೆ. ಸಂಜೆ ಅದನ್ನು ಎದೆಗವಚಿಕೊಂಡು ಹೋದ. ಬೆಳಗ್ಗೆ ತಂದಿಟ್ಟು, “ಆತ್ರೀ ಅಜ್ಜಾರ” ಎಂದ. ಮತ್ತೊಮ್ಮೆಯೂ ಹಾಗೆಯೇ, ಅದರ ಮುಂದಿನ ಸಲವೂ ಹಾಗೆಯೇ. ಆಷಾಢ ಕಳೆದು ಶ್ರಾವಣ ಬಂದಿತು. ರೇಣುಕಾಳ ಬಳಿಗೆ ಹೋಗುವ ದಿನ ಬಿಟ್ಟರೆ, ನಾನು ನಡೆಯುತ್ತಿದ್ದುದು ಕೊಠಡಿಯಿಂದ ಹೊಸ್ತಿಲವರೆಗೆ ಮಾತ್ರ. ಉಳಿದ ನಿಲುವೆಲ್ಲ ಮಣೆಯ ಮೇಲೆಯೇ. ಪೂಜೆ ಮುಗಿದ ಮೇಲೂ ಕಂಬ ಹಿಡಿದು ಅಲ್ಲಿಯೇ ಅವಳು ಹೇಳಿಕೊಟ್ಟ ಅಭ್ಯಾಸ: ಒಂದು ನಾಮ ಹೇಳುವಷ್ಟು ಹೊತ್ತು ಹಿಮ್ಮಡಿ ಎತ್ತುವುದು, ಅದಕ್ಕಿಂತ ನಿಧಾನವಾಗಿ ಇಳಿಸುವುದು. ಮಳೆಯಲ್ಲಿ ಯಾರೂ ಗುಡಿಗೆ ಬರುತ್ತಿರಲಿಲ್ಲ. ಒಬ್ಬ ಮುದುಕ ಏರುತ್ತಿದ್ದಾನೆ, ಇಳಿಯುತ್ತಿದ್ದಾನೆ. ಒಬ್ಬ ದೇವರು ನೋಡುತ್ತಿದ್ದಾನೆ. ಶ್ರಾವಣವೆಲ್ಲ ಅಷ್ಟೇ.

ಭಾದ್ರಪದದ ಒಂದು ದಿನ ರೇಣುಕಾ ನನ್ನ ಪಾದವನ್ನು ಮೇಲಕ್ಕೆ ಬಾಗಿಸಿ ಕೋನ ಅಳೆದಳು. ಮತ್ತೊಮ್ಮೆ ಅಳೆದಳು. ಮುಖ ಬಿಗಿಯಿತು.

“ಅಜ್ಜಾರ, ಸುಳ್ಳು ಹೇಳಬ್ಯಾಡ್ರಿ. ಮನ್ಯಾಗ ಮಾಡಾಕತ್ತೀರೋ ಇಲ್ಲೋ?”

ಬಾಳಿನಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. “ಮಾರುತಿಯ ಎದುರಿನಲ್ಲಿಯೇ ಮಾಡುತ್ತಿದ್ದೇನಮ್ಮ” ಎಂದೆ.

“ಮತ್ಯಾಕ ಹಿಮ್ಮಡ ಕೆಳಗ ಬರವಲ್ಲದು? ಈಗ ಬರಲಿಲ್ಲಂದ್ರ ಹಿಂಗ ಬಿಗದು ಕೂಡ್ತದ. ಆಮ್ಯಾಲೆ ಜೀವನಪೂರ್ತಿ ಕುಂಟೂದ. ಬಾವಿ ಮೆಟ್ಟಲಾ, ತುದಿಗಾಲಾ ಎಲ್ಲಾ ಮರೀರಿ. ಖರೇ ಹೇಳಾಕತ್ತೇನಿ.” ಆಮೇಲೆ ದನಿ ಇಳಿಸಿ, “ಮಣಿ ತಗ್ಗಿಸ್ಯಾರಲ್ರಿ?” ಎಂದಳು.

“ತಗ್ಗಿಸಿದ್ದಾನೆ.”

ಮರಳುವ ಬಸ್ಸಿನಲ್ಲಿ ಕಿಟಕಿಯ ಗಾಜಿನ ಮೇಲೆ ಗಣಿಯ ಧೂಳು ಬೆರೆತ ಕೆಂಪು ನೀರು ಹರಿಯುತ್ತಿತ್ತು. ಪಕ್ಕದ ಆಸನ ಖಾಲಿ. ಕುಂಟುವುದರ ಚಿಂತೆಗಿಂತ, ಆ ಮಗು ನನ್ನ ಮಾತನ್ನು ನಂಬಲಿಲ್ಲವೆಂಬ ಚಿಂತೆ ಹೆಚ್ಚಾಗಿತ್ತು. ತಗ್ಗಿಸಿದ್ದಾನೆ ಎಂಬ ನನ್ನ ಮಾತನ್ನೇ ಮನಸ್ಸಿನಲ್ಲಿ ತಿರುವಿಹಾಕಿದೆ. ಆಗ ಹೊಳೆಯಿತು. ಕೀಸಿದ ಹಲಸಿಗೆ ವಾಸನೆಯಿದೆ. ಮೊದಲ ದಿನ ಅದು ಗುಡಿಯನ್ನೇ ತುಂಬಿತ್ತು. ಆಮೇಲೆ ಪ್ರತಿ ಸಲ ಮರಳಿ ಬಂದ ಮಣೆಗೆ ಎಣ್ಣೆಯ, ಕರ್ಪೂರದ ವಾಸನೆ ಮಾತ್ರ ಇತ್ತು.

ಸಂಜೆ ಕಾಳಪ್ಪ ಬಂದಾಗ ಮಣೆಯನ್ನು ಅವನೆದುರು ಇಟ್ಟೆ. ಅದರ ಎತ್ತರದ ಅಂಚಿನ ಮೇಲೆ ಬೆರಳಾಡಿಸಿದೆ. ಅವನು ಎದುರಿಗೆ ಕುಳಿತ.

“ಕೈ ಬರಲಿಲ್ರಿ ಅಜ್ಜಾರ. ಹಳದಿ ಕುಂಕುಮ ಏರಿದ ಕಟ್ಟಗಿ ಅದು, ಮಾರುತಿ ಮುಂದ ನಿಂತ ಕಟ್ಟಗಿ. ಅದರ ಮ್ಯಾಲೆ ಹತ್ಯಾರ ಹೆಂಗ ಇಡ್ಲಿ? ರಂದಾ ಹಿಡದೆ, ಕೈ ನಡಗ್ತು. ದೇವ್ರ ಜಗಲಿ ಮ್ಯಾಲಿಟ್ಟು, ಎಣ್ಣಿ ಒರಸಿ ತಂದೆ.”

“ಮತ್ತೆ ‘ಆತ್ರೀ’ ಎಂದೆಯಲ್ಲ?”

“ಪೂಜಿ ಆತ್ರೀ ಅಂದೆ...” ಎಂದು ತಾನೇ ನಾಚಿ ತಲೆ ತಗ್ಗಿಸಿದ. ಆಮೇಲೆ ಮೆಲ್ಲಗೆ, “ಇನ್ನೊಂದು ಐತ್ರಿ. ಅದು ತಗ್ಗಾದ್ರ ನಿಮ್ಮ ಕೈ ಅವನ ತಲಿಗೆ ಎಟಕೂದಿಲ್ಲ. ಮಂದಿ ಬಂದ ಮ್ಯಾಲೆ ನೋಡಿ, ಅಜ್ಜಾರ ಕೈಲೆ ಇನ್ನ ಆಗೂದಿಲ್ಲ ಅಂದ್ರ? ಎತ್ತರ ಇರ್ಲಿ ಅಂದೆ.”

ನನ್ನ ರಾತ್ರಿಗಳ ಭಯ ಇವನಿಗೂ ಇತ್ತು. ಗೋಡೆಯ ಈಚೆ ನಾನೊಬ್ಬನೇ ಅದನ್ನು ಹೊತ್ತಿದ್ದೇನೆಂದು ತಿಳಿದಿದ್ದೆ. ಕೋಪ ಬರಬೇಕಾಗಿತ್ತು, ಕಣ್ಣೀರು ಬಂದಿತು.

“ನಿನ್ನ ರಂದಾ ತಾ” ಎಂದೆ.

ತಂದ. ಅದನ್ನು ತೊಳೆಸಿ, ಮಾರುತಿಯ ಪಾದದ ಬಳಿ ಇರಿಸಿ, ಗಂಧವಿಟ್ಟು, ಕುಂಕುಮವಿಟ್ಟು, ದೇವರ ಮುಡಿಯ ಹೂವೊಂದನ್ನು ಇಳಿಸಿ ಅದರ ಮೇಲಿಟ್ಟೆ. ಖಂಡೇಪೂಜೆಯ ದಿನ ಇವರು ತಮ್ಮ ಉಳಿ, ಗರಗಸ, ಕರಣೆಗಳನ್ನು ತಂದು ಸಾಲಾಗಿ ಇಟ್ಟು ಪೂಜಿಸುತ್ತಾರಲ್ಲ, ಹಾಗೆಯೇ.

“ಕಾಳಪ್ಪ, ಮಣೆ ಪೂಜೆಗೊಂಡದ್ದು, ಈಗ ಇದೂ ಪೂಜೆಗೊಂಡದ್ದು. ಅಣ್ಣನನ್ನು ತಮ್ಮ ಮುಟ್ಟಿದರೆ ಮೈಲಿಗೆಯೆಲ್ಲಿ? ಇಲ್ಲಿಯೇ, ಇವನ ಎದುರಿನಲ್ಲಿಯೇ ಕೀಸು.”

ಅವನು ಕೀಸುಳಿಯನ್ನು ಮುಟ್ಟಿ ಕೈಯನ್ನು ಕಣ್ಣಿಗೊತ್ತಿಕೊಂಡು, ಅದನ್ನು ಎತ್ತಿಕೊಳ್ಳದೆ ಅನುಮಾನಿಸಿದ. “ಅಲ್ರೀ ಅಜ್ಜಾರ, ಈಗ ಇದಕ್ಕೂ ಕುಂಕುಮ ಏರಿಸಿಬಿಟ್ರಿ. ನಾಳಿ ಸ್ಲ್ಯಾಬಿನ ಹಲಗಿಗೆ ಇದನ್ನ ಹೆಂಗ ಹಚ್ಲಿ? ನನ್ನ ಹೊಟ್ಟಿ ಮ್ಯಾಲೆ ಕಲ್ಲು ಹಾಕಿದ್ರಿ ನೋಡ್ರಿ!”

ಮಳೆಗಾಲ ಹಿಡಿದ ಮೇಲೆ ನಾನು ಮೊದಲ ಸಲ ನಕ್ಕೆ. “ಹಚ್ಚಪ್ಪ. ದೇವರು ಮುಟ್ಟಿದ್ದು ಪ್ರಸಾದ. ಪ್ರಸಾದವನ್ನು ನಾಲ್ಕು ಜನರ ಮನೆಗೆ ಮುಟ್ಟಿಸಬೇಕು.”

ಕೀಸಿದ. ಆ ವಾಸನೆ ಮತ್ತೆ ಎದ್ದಿತು. ಬಿದ್ದ ಸುರುಳಿಗಳನ್ನು ಅವನು ಕಸಬರಿಗೆಯಿಂದ ಗುಡಿಸದೆ ಕೈಯಿಂದ ಆರಿಸಿ, ನನ್ನ ಕಾಲಿಗೆ ಶಾಖ ಕೊಡುವ ನೀರಿನ ಒಲೆಗೆ ಹಾಕಿದ.

ಮಣೆ ಮೆಲ್ಲಮೆಲ್ಲನೆ ನೆಲಕ್ಕಿಳಿಯಿತು. ಒಂದೇ ಸಲ ಬೇಡ ಎಂದು ರೇಣುಕಾ ತಡೆದಳು. ನಡೆದದ್ದನ್ನು ಕೇಳಿ ಮೊದಲು ತಲೆ ಮೇಲೆ ಕೈಯಿಟ್ಟುಕೊಂಡು, ಆಮೇಲೆ, “ನಿಮಗ ಸುಳ್ಳು ಹೇಳಬ್ಯಾಡ್ರಿ ಅಂದೆ, ಮನಸ್ಸಿಗೆ ಹಚ್ಕೋಬ್ಯಾಡ್ರಿ” ಎಂದಳು. ಎಳೆತ ಬೇರೆ, ನೋವು ಬೇರೆ. ಎಳೆತವಾದರೆ ಮುಂದುವರಿಯಿರಿ, ಚುಚ್ಚಿದರೆ ನಿಲ್ಲಿಸಿ ಎಂದು ಆ ಎರಡರ ಭೇದವನ್ನು ಕಲಿಸಿದಳು. ಮಣೆ ತಗ್ಗಿದಷ್ಟೂ ನನ್ನ ಕೈ ಮಾರುತಿಯ ಮುಡಿಯಿಂದ ಕೆಳಗೆ ಜಾರಿತು. ಮರ ಎತ್ತಿ ಹಿಡಿದಿದ್ದಷ್ಟನ್ನು ಇನ್ನು ನನ್ನ ಬಡಕಲು ಮೀನಖಂಡ ಎತ್ತಬೇಕಾಗಿತ್ತು. ಕೆಲವು ಶನಿವಾರಗಳಲ್ಲಿ ಹಾರ ಅವನ ಹೆಗಲಿನಲ್ಲಿಯೇ ನಿಂತಿತು. ಅವನು ತಕರಾರು ಮಾಡಲಿಲ್ಲ.

ದಸರೆಗೆ ಜನ ಮರಳಿದರು. ಖಂಡೇಪೂಜೆಯ ಬೆಳಗ್ಗೆ ಗುಡಿ ಕಿಕ್ಕಿರಿದಿತ್ತು. ಊರಿನ ಜೋಳ, ಮಳೆ, ಮದುವೆಗಳ ಮಾತು. ಕೆಲವರು, “ಕಾಲಿಗೆ ಏನಾಗಿತ್ರಿ ಅಜ್ಜಾರ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ನಮಸ್ಕರಿಸಿ ಸರಿದರು. ಪೀಠದ ಮುಂದೆ ಚಪ್ಪಟೆಯಾದ, ಎಲ್ಲ ಮಣೆಗಳಂಥದೇ ಆದ ಮಣೆ. ಅದರ ಮೇಲೆ ನಿಂತು ಹಾರವನ್ನೆತ್ತಿಕೊಂಡೆ. ಕಂಬ ಹಿಡಿಯಲಿಲ್ಲ; ಎರಡೂ ಕೈಗಳಲ್ಲಿ ಹಾರವಿತ್ತು. ಒಂದು ನಾಮದ ಉದ್ದಕ್ಕೆ ಹಿಮ್ಮಡಿಗಳನ್ನು ಎತ್ತಿದೆ. ಎಡಗಾಲು ನಡುಗಿತು. ಹಾರ ಮೊದಲು ಅವನ ಕಿವಿಗೆ ಸಿಕ್ಕಿಕೊಂಡಿತು. ಇನ್ನೊಂದು ಕೂದಲೆಳೆಯಷ್ಟು. ಏರಿತು. ಹಿಂದೆ ಜಯಕಾರ ಎದ್ದಿತು, ಅದು ಮಾರುತಿಗೆ. ನಾನು ನಿಧಾನವಾಗಿ ಇಳಿದು, ಆ ಮಳೆಯ ಬೆಳಗ್ಗೆ ಬಾವಿಯ ಮೆಟ್ಟಿಲಲ್ಲಿ ತಿರುಗಿದಂತೆ ತಿರುಗಿ ನೋಡಿದೆ. ಇಷ್ಟೊಂದು ಮುಖಗಳ ಹಿಂದೆ, ಬಾಗಿಲ ಬಳಿ, ಪೂಜೆಗೆಂದು ತಂದ ಕೀಸುಳಿಯನ್ನು ಎದೆಗವಚಿಕೊಂಡು ಕಾಳಪ್ಪ ನಿಂತಿದ್ದ. ಅವನೊಬ್ಬನೇ ನನ್ನ ಹಿಮ್ಮಡಿಗಳನ್ನು ನೋಡುತ್ತಿದ್ದ.

ರೇಣುಕಾಳಿಗೆ ಫೋನು ಮಾಡಿದೆ. “ಒಂದ ಕಾಲಲೆ ಎದ್ರೇನ್ರಿ?” ಎಂದಳು. ಎರಡೂ ಕಾಲಿನಿಂದ ಎಂದೆ. “ಹಂಗಾರ ಇನ್ನೂ ಮುಗದಿಲ್ಲ. ಬುಧವಾರ ಬರ್ರಿ.”

ಒಂದೇ ಎಡಗಾಲಿನ ಮೇಲೆ ಏಳಲು ನನಗೆ ಇಂದಿಗೂ ಆಗುವುದಿಲ್ಲ. ಆ ಮೀನಖಂಡ ಬಡಕಲಾಗಿಯೇ ಉಳಿದಿದೆ. ಪೂಜೆ ನಡೆದಿದೆ. ದೀಪಾವಳಿ ಕಳೆದ ಮೇಲೆ ಕಾಳಪ್ಪ ರತ್ನಾಗಿರಿಯ ಕಡೆಗೆ ಕೆಲಸ ಸಿಕ್ಕಿತೆಂದು ಹೋದ. ರೇಣುಕಾ ಮದುವೆಯಾಗಿ ಪಣಜಿಯಲ್ಲಿದ್ದಾಳೆಂದು ಕೇಳಿದ್ದೇನೆ. ಈ ಮಳೆಗಾಲಕ್ಕೂ ಜನ ಬಿತ್ತನೆಗೆ ಹೋಗಿದ್ದಾರೆ. ಮೊನ್ನೆ ಆ ಅಪರಿಚಿತ ಬಡಗಿಯ ಬಳಿ ಹೋಗಿ, ಕೈಸನ್ನೆಯಿಂದ ಒಂದು ಹಿಡಿ ಹಲಸಿನ ಸುರುಳಿ ಬೇಡಿ ತಂದೆ. ಅವನು ಆಶ್ಚರ್ಯದಿಂದ ನೋಡಿ ಬೊಗಸೆ ತುಂಬ ಕೊಟ್ಟ. ಅವುಗಳನ್ನು ಆ ಮಣೆಯ ಮೇಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಎಲ್ಲಿದ್ದರೂ ಕಾಳಪ್ಪನ ಕೈಗೆ ನಡುಕ ಬಾರದಿರಲಿ. ಅವನ ಕೀಸುಳಿ ಮುಟ್ಟಿದ ಮನೆಗಳಲ್ಲಿ ದೀಪವಿರಲಿ. ‘ನೀವು ಹೇಗಿದ್ದೀರಿ’ ಎಂದು ಮೊದಲು ಕೇಳಿದ ಆ ಮಗಳನ್ನು ಲೋಕವೂ ಹಾಗೆಯೇ ಕೇಳುತ್ತಿರಲಿ. ಮೀನಖಂಡ ಹಿಂಡಿ ನೋಡಿದ ವೈದ್ಯರಿಗೆ, ಬೊಗಸೆ ತುಂಬ ಕೊಟ್ಟ ಹೊಸಬನಿಗೆ, ಬಿತ್ತಲು ಹೋದವರಿಗೆ, ಅವರು ಮರಳಿ ಬರುವ ದಾರಿಗೆ ಮಂಗಳವಾಗಲಿ. ಬಾವಿಯ ಮೆಟ್ಟಿಲಲ್ಲಿ ಅಂದು ಹಿಂದಿನಿಂದ ನನ್ನನ್ನು ಹೊಡೆದು, ತಿರುಗಿ ನೋಡುವಷ್ಟರಲ್ಲಿ ಇಲ್ಲವಾದವರು ಯಾರಾದರೂ ಇದ್ದರೆ, ಅವರಿಗೂ ಮಂಗಳವಾಗಲಿ.